ಉಡಿ ತುಂಬಿಸಿಕೊಂಡ ಕುರ್ಚಿ

"ನಿಲ್ರಿ, ಗಾಡಿ ಚಾಲೂ ಮಾಡಬ್ಯಾಡ್ರಿ!" ಎನ್ನುತ್ತ ಸ್ಟರ್ಲಿಂಗ್ ಹೈಟ್ಸ್ ಊರಿನ ತಮ್ಮ ಮನೆಯೊಳಗಿಂದ ಹುಬ್ಬಳ್ಳಿ ಕಡೆಯ ಆಂಟಿಯೊಬ್ಬರು ಓಡಿಬಂದರು. ನಮ್ಮ ವ್ಯಾನಿನ ಹಿಂಭಾಗದಲ್ಲಿ ಅವರಿಂದ ಆಗಷ್ಟೇ ಕೊಂಡ ಲೌಂಜ್ ಕುರ್ಚಿಯಿತ್ತು. ಥಾಯ್ಲೆಂಡಿನ ಡಿಸೈನರ್ ಒಬ್ಬರು ಕೆರೆಯಲ್ಲಿ ಬೆಳೆಯುವ ಅಂತರಗಂಗೆ ಕಳೆಯ ದಂಟು ಒಣಗಿಸಿ ಹೆಣೆಸಿದ್ದಂತೆ.

ಪೋಸ್ಟ್‌ಮಾಡರ್ನ್ ಕುರ್ಚಿಗಳನ್ನು ಕೂಡಿಹಾಕುವ ಹುಚ್ಚು ನನಗೆ. ಪ್ಲಿಮತ್‌ನ ನಮ್ಮ ಮನೆಯಲ್ಲಿ ಒಂದಕ್ಕೆ ಗುಲಾಬಿ ಕಾಲು, ಇನ್ನೊಂದರ ಬೆನ್ನು ತ್ರಿಕೋನ. ಇಂಥದ್ದೊಂದು ಮಾತ್ರ ಇರಲಿಲ್ಲ. ರಿಸೆಷನ್ನಿನಲ್ಲಿ ಅಂಕಲ್‌ರ ಕೆಲಸ ಹೋಗಿ, ಅವರಿಬ್ಬರೂ ಟೆಕ್ಸಸ್‌ನ ಸಣ್ಣ ಅಪಾರ್ಟ್‌ಮೆಂಟಿಗೆ ಹೊರಟಿದ್ದರಿಂದ ನನಗೆ ಸಿಕ್ಕಿತ್ತು.

ಆಂಟಿಯ ಕೈಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಹಸಿರು ರವಿಕೆ ಕಣದ ತಟ್ಟೆ. ಕುರ್ಚಿಗೆ ಕುಂಕುಮ ಹಚ್ಚಿ, ಕಣ ಹಾಸಿ, ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸುವಾಗ ಮಾಡುವ ಹಾಗೆಯೇ ಉಡಿ ತುಂಬಿಬಿಟ್ಟರು!

ನನ್ನ ಗಂಡ ನಗು ತಡೆಯಲಾರದೆ, "ಆಂಟಿ, ಇದು ಚೇರು" ಎಂದರು.

"ಗೊತ್ತದಪಾ. ಆದ್ರ ನಮ್ಮನಿಯಿಂದ ಹೊಂಟದ, ಬರೇ ಉಡೀಲೆ ಹೆಂಗ ಕಳಸಲಿ? ಮತ್ತ ಇದರ ಮ್ಯಾಲೆ ಒಗದ ಅರಿವಿ ಮಾತ್ರ ಒಟ್ಟಬ್ಯಾಡ್ರಿ!"

ಅಷ್ಟು ಹೊತ್ತೂ ಬಾಗಿಲಲ್ಲಿ ಮಂಕಾಗಿ ನಿಂತಿದ್ದ ಅಂಕಲ್ ಗಟ್ಟಿಯಾಗಿ ನಕ್ಕುಬಿಟ್ಟರು. ಆಂಟಿ ಕಣ್ಣೊರೆಸಿಕೊಳ್ಳುತ್ತಲೇ ತಾವೂ ನಕ್ಕರು.

ಟೆಕ್ಸಸ್‌ನಿಂದ ಆಂಟಿ ಈಗಲೂ ಫೋನ್ ಮಾಡುತ್ತಾರೆ. ನಮ್ಮ ಕ್ಷೇಮ ಕೇಳುವ ಮೊದಲೇ "ಹೆಂಗದಾಳ?" ಎನ್ನುತ್ತಾರೆ. ನಾನು ಕುರ್ಚಿಯ ಮೇಲಿನ ಒಗೆದ ಬಟ್ಟೆ ರಾಶಿಯನ್ನು ಸರಸರನೆ ಸೋಫಾಕ್ಕೆ ಎಸೆದು, ಕುರ್ಚಿಯಲ್ಲಿ ಕೂತು, "ಆರಾಮಾಗಿದ್ದಾಳೆ ಆಂಟಿ" ಎನ್ನುತ್ತೇನೆ.