ವಿಮೆಯ ಫಾರ್ಮಿನ ನೆಬೀಸ

ಕಡಬ ಪೇಟೆ ದಾಟಿ ಪಂಜದ ಕಡೆಗೆ ಹೊರಟರೆ ರಸ್ತೆಯ ಬದಿಯಲ್ಲೇ ರಮ್ಲತ್‌ಳ ಮನೆ. ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲಿ ಒಂದು ಹೊಲಿಗೆ ಮೆಷಿನ್. ಆಸುಪಾಸಿನ ಹೆಂಗಸರ ರವಿಕೆಯ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರವರ ಗಂಡಂದಿರಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು. ಅವಳು ಸೊರಗಿದ್ದನ್ನು ಮಾತ್ರ ಯಾರೂ ಟೇಪು ಹಿಡಿದು ನೋಡಲಿಲ್ಲ.

ಗಂಡ ಆದಂ ಕುಂಞಿ ಸೌದಿಯ ದಮ್ಮಾಮಿನಲ್ಲಿ ಬಡಗಿ. ಮದುವೆಯಾಗಿ ಎಂಟನೇ ತಿಂಗಳಿಗೆ ವಿಮಾನ ಹತ್ತಿದವನು ಆಮೇಲೆ ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬಂದು ಹೋಗುತ್ತಿದ್ದ. ಹತ್ತೊಂಬತ್ತು ವರ್ಷದ ಸಂಸಾರವನ್ನು ಕೂಡಿಸಿ ನೋಡಿದರೆ ಅವರಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎರಡೂವರೆ ವರ್ಷವೂ ಆಗದು. ಮಕ್ಕಳಾಗಲಿಲ್ಲ. ಬಂದಾಗಲೆಲ್ಲ ಆತ ಕಿಟಕಿಯ ಕೊಂಡಿ, ಕಪಾಟಿನ ಬಾಗಿಲು ರಿಪೇರಿ ಮಾಡುತ್ತ ಕೂರುತ್ತಿದ್ದ. ಮನೆಯಲ್ಲಿ ಇನ್ನು ಕೆಡುವುದಕ್ಕೆ ಏನೂ ಇಲ್ಲ ಎನ್ನುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಶುಕ್ರವಾರ ಜುಮಾ ನಮಾಝ್ ಮುಗಿಸಿ ಅವನು ಫೋನು ಮಾಡುವುದು ತಪ್ಪುತ್ತಿರಲಿಲ್ಲ. ಅವಳು ವಾರದ ಸಮಾಚಾರವನ್ನೆಲ್ಲ ಸುರಿಯುತ್ತಿದ್ದಳು. ಪಂಪು ಕೆಟ್ಟದ್ದು, ಹಲ್ಲುನೋವು, ರವಿಕೆ ಬಿಗಿಯಾಯಿತೆಂದು ಜಗಳಕ್ಕೆ ಬಂದವಳು. ಆ ಕಡೆಯಿಂದ ಒಂದು ‘ಹ್ಞಾಂ’, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ‘ಹ್ಞಾಂ’, ಕೊನೆಗೆ ‘ಇಡ್ಲಾ?’ ಅಷ್ಟೇ. ಹೆಸರು ಹಿಡಿದು ಕರೆದದ್ದೂ ಇಲ್ಲ. ‘ಓಯ್’ ಎಂದರೆ ಅದು ಅವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮ ಗಲ್ಫಿಗೆ ಹೋದವನ ಹೆಂಡತಿಯನ್ನು ಕಂಡಿರಲಿಕ್ಕಿಲ್ಲ. ಇವನು ಕೇಳುವುದೇ ಇಲ್ಲ, ಸುಮ್ಮನೆ ಫೋನು ಕಿವಿಗೆ ಹಿಡಿದುಕೊಂಡಿರುತ್ತಾನೆ ಎಂದು ರಮ್ಲತ್ ಯಾವತ್ತೋ ತೀರ್ಮಾನಿಸಿಯಾಗಿತ್ತು.

ಕಳೆದ ವರ್ಷ ಒಂದು ದಿನ ದಮ್ಮಾಮಿನಲ್ಲಿ ಮಧ್ಯಾಹ್ನ ಊಟ ಮುಗಿಸಿ ಗೋಡೆಗೆ ಒರಗಿ ಕೂತ ಆದಂ ಕುಂಞಿ ಮತ್ತೆ ಏಳಲಿಲ್ಲ. ಅಲ್ಲೇ ಮಣ್ಣು ಮಾಡಿದರು. ಅವಳು ಮುಖ ನೋಡಲಿಲ್ಲ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟದೆ ಇದ್ದತ್ ಕೂರಬೇಕು, ಕೂತಳು. ಇಷ್ಟು ವರ್ಷ ಅವನಿಲ್ಲದೆಯೇ ಇದ್ದ ಮನೆ ಅದು. ಆದರೂ ಶುಕ್ರವಾರ ಸಂಜೆಯಾದರೆ ಅವಳ ಕಿವಿ ಫೋನಿನ ಕಡೆಗೆ ಹೋಗುತ್ತಿತ್ತು.

ಎರಡನೇ ತಿಂಗಳಲ್ಲಿ ಕೊರಿಯರಿನಲ್ಲಿ ಒಂದು ಇಂಗ್ಲಿಷ್ ಕಾಗದ ಬಂತು. ಪಕ್ಕದ ಮನೆಯಲ್ಲಿ ಆದಂ ಕುಂಞಿಯ ಅಕ್ಕ ಜೈನಬಮ್ಮ ಇದ್ದರು. ಅವರ ಸೊಸೆ ಫಾತಿಮತ್ ಝುಹ್ರಾ ಪುತ್ತೂರಿನಲ್ಲಿ ಬಿ.ಕಾಂ. ಓದಿದವಳು. ಅತ್ತೆ ಸೊಸೆ ಇಬ್ಬರೂ ಬಂದರು.

“ಇದು ದೊಡ್ಡ ವಿಮಾ ಕಂಪೆನಿ ಮಾಮಿ, ಪ್ರಪಂಚದಲ್ಲೆಲ್ಲ ಆಫೀಸು ಉಂಟು ಇವರಿಗೆ,” ಎಂದಳು ಝುಹ್ರಾ. “ಮಾಮನ ಕಂಪೆನಿ ಕೆಲಸದವರಿಗೆಲ್ಲ ಒಟ್ಟಿಗೆ ಇವರ ಹತ್ರ ವಿಮೆ ಮಾಡಿಸಿದೆ. ಈಗ ಅದನ್ನು ಹೆಂಡತಿಗೆ ಕೊಡ್ಲಿಕ್ಕೆ ಬರ್ದಿದ್ದಾರೆ.”

“ಮತ್ತೆಂತ, ಒಳ್ಳೆದೇ ಆಯ್ತಲ್ಲ,” ಎಂದರು ಜೈನಬಮ್ಮ.

ಝುಹ್ರಾ ಮುಂದಿನ ಸಾಲನ್ನು ಎರಡು ಸಲ ಓದಿಕೊಂಡಳು. “ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ರಮ್ಲತ್ ಅಂತ ಉಂಟು. ವಿಮೆಯ ಫಾರ್ಮಿನಲ್ಲಿ ಹೆಂಡತಿ ನೆಬೀಸ ಅಂತ ಉಂಟು. ಇವರಿಬ್ಬರು ಯಾರು ಯಾರು ಅಂತ ತಿಳಿಸ್ಬೇಕಂತೆ.”

 ನೆಬೀಸ ಎಂಬವಳು ಗಂಡನ ಕುಟುಂಬದಲ್ಲೂ ಇಲ್ಲ, ರಮ್ಲತ್‌ಳ ತವರಿನಲ್ಲೂ ಇಲ್ಲ. ಕಂಪೆನಿ ಬಹಳ ಮರ್ಯಾದೆಯಿಂದ ಬರೆದಿತ್ತು. ಒಬ್ಬನಿಗೆ ಇಬ್ಬರು ಹೆಂಡಿರಿದ್ದರೂ ತನಗೇನೂ ಬೇಸರವಿಲ್ಲ ಎಂಬಂತಿತ್ತು. ಬೇಸರವಾಗಬೇಕಾದವಳು ಮಾತ್ರ ಆ ಕಾಗದವನ್ನು ಮಡಚಿ ಮೆಷಿನಿನ ಡ್ರಾಯರಿಗೆ ಹಾಕಿ, “ಚಾ ಮಾಡ್ತೇನೆ, ಕೂತ್ಕೊಳ್ಳಿ” ಎಂದು ಒಳಗೆ ಹೋದಳು.

ಊರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದರು. ಕಾಸರಗೋಡಿನ ಕಡೆಯವಳಂತೆ ಎಂದು ಒಬ್ಬರು, ಅಲ್ಲ, ಹೈದರಾಬಾದಿನವಳು, ದಮ್ಮಾಮಿನಲ್ಲೇ ಮನೆಗೆಲಸಕ್ಕಿದ್ದಳಂತೆ ಎಂದು ಇನ್ನೊಬ್ಬರು. ವಾರದೊಳಗೆ ನೆಬೀಸಳಿಗೆ ಎರಡು ಮಕ್ಕಳೂ ಆದವು. ಜೈನಬಮ್ಮ ತಮ್ಮನ ಮಾನ ಉಳಿಸಲು, “ಗಂಡಸು ಮಾರಾಯ್ತಿ, ಅಷ್ಟು ದೂರ, ಒಬ್ಬನೇ,” ಎಂದು ಸಮಾಧಾನ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಅವನ ಬ್ಯಾಗಿನೊಟ್ಟಿಗೆ ವಾಪಸು ಬಂದ ಮೊಬೈಲಿನಲ್ಲಿ ನೌಷಾದ್ ಎಂಬವನ ನಂಬರಿತ್ತು. ಗಂಡನ ಜೊತೆ ಒಂದೇ ರೂಮಿನಲ್ಲಿದ್ದು, ಈಗ ಪುತ್ತೂರಿಗೆ ಬಂದು ಅಲ್ಯೂಮಿನಿಯಂ ಕಿಟಕಿ ಬಾಗಿಲಿನ ಅಂಗಡಿ ಇಟ್ಟವನು. ಒಂದು ಫೋನು ಮಾಡಿದರೆ ವಿಷಯ ತಿಳಿಯುತ್ತಿತ್ತು. ಅವಳು ಮಾಡಲಿಲ್ಲ. ಇದ್ದ ಒಬ್ಬ ಗಂಡ ಸತ್ತದ್ದಾಗಿದೆ. ಅವನು ತನ್ನವನಾಗಿಯೇ ಸತ್ತನೋ ಇಲ್ಲವೋ ಎಂಬುದೊಂದು ಬಾಕಿಯಿತ್ತು. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬುದೇ ಅವಳ ಹೆದರಿಕೆ. ಕಾಗದಕ್ಕೆ ಉತ್ತರ ಹೋಗಲಿಲ್ಲ. ಹಗಲಿಡೀ ಅವಳು ಬರಿಯ ಮೆಷಿನ್ ತುಳಿದಳು, ಕೆಲವು ಸಲ ಸೂಜಿಗೆ ನೂಲಿಲ್ಲದೆ.

ಉತ್ತರವಿಲ್ಲದ್ದನ್ನು ಕಂಡು ಕಂಪೆನಿಯವರು ಫಾರ್ಮಿಗೆ ಸಾಕ್ಷಿ ಹಾಕಿದವನನ್ನು ಹುಡುಕಿದರು. ಸಾಕ್ಷಿ ಹಾಕಿದವನು ನೌಷಾದ್. ಒಂದು ಆದಿತ್ಯವಾರ ಬೆಳಿಗ್ಗೆ ಅವನು ಕಡಬದ ಬಸ್ಸಿಳಿದು, ದಾರಿ ಕೇಳಿಕೊಂಡು ಬಂದು, ಅಂಗಳದಲ್ಲಿ ನಿಂತು ಕೂಗಿದ:

“ನೆಬೀಸಕ್ಕ ಇದ್ದಾರಾ?”

ಜೈನಬಮ್ಮ ಬೇಲಿಯಾಚೆಯಿಂದಲೇ ಓಡಿ ಬಂದರು. ಇದ್ದತ್ತಿನಲ್ಲಿದ್ದ ರಮ್ಲತ್ ಬಾಗಿಲಿನ ಹಿಂದೆ ನಿಂತು ಕೇಳಿದಳು, “ಯಾವ ನೆಬೀಸ?”

“ಆದಂ ಕಾಕನ ಮನೆಯವರು. ನೀವೇ ಅಲ್ವಾ ಅಕ್ಕ?”

“ನಾನು ರಮ್ಲತ್.”

ನೌಷಾದ್ ತಬ್ಬಿಬ್ಬಾದ. “ಕಾಕನಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ. ಫಾರ್ಮು ತುಂಬಿಸಿದ್ದು ನಾನೇ. ಹೆಂಡತಿ ಹೆಸರು ಅಂತ ಇದ್ದಲ್ಲಿ, ನನಗೆ ಗೊತ್ತಿದ್ದದ್ದೇ ಅಲ್ವಾ, ಕೇಳದೆ ನೆಬೀಸ ಅಂತ ಬರ್ದೆ. ಅವರು ಕೆಳಗೆ ಸೈನು ಹಾಕಿದ್ರು.”

“ನಿಮಗೆ ಹೇಗೆ ಗೊತ್ತು ಆ ಹೆಸರು?”

“ಎಂಟು ಜನ ಇದ್ದ ರೂಮು ಅಕ್ಕ. ಬೆಳಿಗ್ಗೆ ಎದ್ರೆ ನೆಬೀಸ, ಊಟಕ್ಕೆ ಕೂತ್ರೆ ನೆಬೀಸ. ನೆಬೀಸನಿಗೆ ಹಲ್ಲುನೋವು, ನೆಬೀಸನಿಗೆ ಹಾಗಲಕಾಯಿ ಆಗುದಿಲ್ಲ. ಒಮ್ಮೆ ನೆಬೀಸ ಬಾವಿಕಟ್ಟೆ ಹತ್ರ ಜಾರಿ ಬಿದ್ದು ಕೈ ಮುರ್ಕೊಂಡ್ರು ಅಂತ ಕಾಕ ಮೂರು ದಿನ ಸರಿ ಊಟ ಮಾಡ್ಲಿಲ್ಲ.”

ಬಾಗಿಲಿನ ಹಿಂದಿನಿಂದ ಪ್ರಶ್ನೆ ಬಂತು.

“ಯಾವ ಕೈ?”

“ಎಡಗೈ ಅಲ್ವಾ? ಮೆಷಿನ್ ತುಳೀಲಿಕ್ಕೆ ಕಾಲು ಸರಿ ಉಂಟು, ಬಟ್ಟೆ ಹಿಡೀಲಿಕ್ಕೆ ಕೈ ಇಲ್ಲ, ಎಂತ ಮಾಡ್ತಾಳೋ ಅಂತ ಹೇಳ್ತಿದ್ರು.”

ರಮ್ಲತ್ ಬಾವಿಕಟ್ಟೆಯಲ್ಲಿ ಬಿದ್ದು ಮುರಿದಿದ್ದ ತನ್ನ ಎಡಗೈಯನ್ನು ನೋಡಿಕೊಂಡಳು. ಜೈನಬಮ್ಮ “ಯಾ ಅಲ್ಲಾ” ಎಂದರು.

ನೌಷಾದನಿಗೂ ಆಗ ಹೊಳೆಯಿತು. ಆ ರೂಮಿನಲ್ಲಿ ಒಬ್ಬ ಪೋಕರಿಯಿದ್ದ. ಯಾರ ಹೆಂಡತಿಯ ಹೆಸರು ಸಿಕ್ಕಿದರೂ ಅದಕ್ಕೆ ಹಾಡು ಕಟ್ಟಿ, ರಾಗ ಎಳೆದು ಗೋಳು ಹೊಯ್ದುಕೊಳ್ಳುತ್ತಿದ್ದವನು. ಆದಂ ಕುಂಞಿ ಹಳೆಯ ಕಾಲದ ಮನುಷ್ಯ. ಮನೆಯ ಹೆಣ್ಣಿನ ಹೆಸರು ಪರ ಗಂಡಸರ ಬಾಯಲ್ಲಿ ಹೊರಳಬಾರದೆಂದು ಮೊದಲ ದಿನವೇ ಬಾಯಿಗೆ ಬಂದ ಒಂದು ಹೆಸರನ್ನು ಅವರ ಮುಂದೆ ಎಸೆದು, ನಿಜದ ಹೆಸರನ್ನು ಒಳಗೇ ಇಟ್ಟುಕೊಂಡಿದ್ದ. ಹೆಸರೊಂದು ಭದ್ರವಾದ ಮೇಲೆ ಮಾತಿಗೆ ಅಂಕೆಯೇ ಇರಲಿಲ್ಲ.

“ಶುಕ್ರವಾರ ನಿಮ್ಮ ಹತ್ರ ಫೋನು ಇಟ್ಟ ಮೇಲೆ ನಮಗೆಲ್ಲ ಒಂದು ಗಂಟೆ ನಿಮ್ಮದೇ ಕಥೆ ಅಕ್ಕ. ನೀವು ಹೇಳಿದ್ದು ಒಂದೂ ಬಿಡ್ತಿರ್ಲಿಲ್ಲ. ನಾವು ನಗಾಡುದು, ಕಾಕ, ನಿಮ್ಮಷ್ಟು ಹೆಂಡತಿ ಹುಚ್ಚು ಯಾರಿಗೂ ಇಲ್ಲ ಅಂತ.”

ಒಳಗಿನಿಂದ ಅಳು ಬರಬಹುದೆಂದು ನೌಷಾದ್ ಕಾದ. ಬಂದದ್ದು ಸಿಟ್ಟು.

“ನನ್ನ ಹತ್ರ ಹೇಳಿದ್ರೆ ಎಂತ ಆಗ್ತಿತ್ತು ಅವ್ರಿಗೆ? ಎಂಟು ಜನಕ್ಕೆ ಗೊತ್ತುಂಟು. ನನಗೊಬ್ಬಳಿಗೆ ಗೊತ್ತಿಲ್ಲ!”

 ನೌಷಾದನ ಹೆಂಡತಿಯೂ ಪುತ್ತೂರಿನ ಮನೆಯಲ್ಲಿ ಹನ್ನೊಂದು ವರ್ಷ ‘ಹ್ಞಾಂ’ ಕೇಳಿದವಳೇ. ಅವನು ಚಾಕ್ಕೂ ನಿಲ್ಲದೆ ಅಂಗಳದಿಂದಲೇ ಹೊರಟುಹೋದ.

ಇದ್ದತ್ ಮುಗಿದ ಮರುವಾರ ರಮ್ಲತ್ ಪುತ್ತೂರಿಗೆ ಹೋಗಿ ನೋಟರಿಯ ಎದುರು ಅಫಿಡವಿಟ್ ಮಾಡಿಸಿದಳು: ರಮ್ಲತ್ ಮತ್ತು ನೆಬೀಸ ಇಬ್ಬರಲ್ಲ, ಒಬ್ಬಳೇ. ನೌಷಾದ್ ಮತ್ತೊಮ್ಮೆ ಸಾಕ್ಷಿ ಹಾಕಿದ, ಈ ಸಲ ಹೆಸರನ್ನು ಮೂರು ಸಲ ಓದಿಸಿಕೊಂಡು. ಊರಿನಲ್ಲಿ ನೆಬೀಸಳ ಮಕ್ಕಳೆಲ್ಲ ಒಂದೇ ದಿನದಲ್ಲಿ ಮಾಯವಾದರು. ತನಗೆ ಮೊದಲೇ ಗೊತ್ತಿತ್ತು ಎಂದರು ಜೈನಬಮ್ಮ. ರಮ್ಲತ್ ಯಾರಿಗೂ ಏನೂ ಹೇಳಲಿಲ್ಲ. ಅವಳಿಗೆ ಆ ನೆಬೀಸಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಹತ್ತೊಂಬತ್ತು ವರ್ಷ ಗಂಡನ ಮಾತೆಲ್ಲ ಅವಳ ಪಾಲಿಗೇ ಹೋಗಿತ್ತಲ್ಲ.

ತಿಂಗಳ ಮೇಲೆ ವಿಮಾ ಕಂಪೆನಿಯಿಂದ ಫೋನು ಬಂತು. ಮಾತಾಡಿದವಳ ಹೆಸರು ವಸುಮತಿ. ಗುತ್ತಿಗಾರಿನವಳಂತೆ, ಅದಕ್ಕೇ ಈ ಕಡೆಯ ಫೈಲುಗಳನ್ನೆಲ್ಲ ಅವಳ ಮೇಜಿಗೆ ಹಾಕುತ್ತಾರಂತೆ.

“ಕಾಗದ ಎಲ್ಲ ಸರಿ ಉಂಟು ಅಮ್ಮ, ಇನ್ನು ತೊಂದರೆ ಇಲ್ಲ. ರೂಲ್ಸು ಅಂತ ಒಂದೆರಡು ಪ್ರಶ್ನೆ ಕೇಳ್ತೇನೆ, ಬೇಜಾರು ಮಾಡ್ಬೇಡಿ.”

“ಕೇಳಿ.”

“ನಿಮ್ಮನ್ನು ನೆಬೀಸ ಅಂತ ಯಾರು ಕರೀತಿದ್ದದ್ದು?”

“ನನ್ನ ಗಂಡ.”

“ಮನೆಯಲ್ಲಿ ಯಾವಾಗ್ಲೂ ಹಾಗೇ ಕರೀತಿದ್ರಾ?”

ರಮ್ಲತ್ ಮೆಷಿನಿನ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದಳು. ಹೌದು ಎಂದರೆ ಮುಗಿಯುತ್ತಿತ್ತು. ಸುಳ್ಳು ಹೇಳುವ ಮನಸ್ಸಾಗಲಿಲ್ಲ.

“ಇಲ್ಲ ಮೇಡಂ,” ಎಂದಳು. “ನಾನು ಇಲ್ಲದ ಕಡೆಯಲ್ಲಿ ಮಾತ್ರ.”