ಬಸಲಿಂಗಯ್ಯನವರಿಗೆ ಕಂಪ್ಯೂಟರ್ ಬರುತ್ತಿತ್ತು

ಘಟ್ಟದ ಮೇಲಿನ ನಮ್ಮ ಸೀಮೆಯಲ್ಲಿ ಕಾರ್ಖಾನೆಯ ಹಾಜರಿ, ಉಗ್ರಾಣ, ಸಂಬಳಗಳ ಲೆಕ್ಕವು ಮನುಷ್ಯನ ಕೈಯಿಂದ ಯಂತ್ರದ ಕೈಗೆ ದಾಟಿದ ಕಾಲವನ್ನು ಕುರಿತು ಮುಂದೆ ಯಾರಾದರೂ ಬರೆಯುವುದಾದರೆ, ದಾಂಡೇಲಿಯ ರಟ್ಟಿನ ಕಾರ್ಖಾನೆಯ ಶ್ರೀ ಬಸಲಿಂಗಯ್ಯ ಸಾಲಿಮಠ ಅವರಿಂದಲೇ ಆರಂಭಿಸಬೇಕಾಗುತ್ತದೆ. ೧೯೮೮ರ ಈ ಮೇ ತಿಂಗಳಲ್ಲಿ ಅವರು ಸೇವೆಯಿಂದ ನಿವೃತ್ತರಾಗಿದ್ದಾರೆ. ಅವರ ಶಿಷ್ಯೆಯೂ, ಇಂದು ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿರುವವಳೂ ಆದ, ಇದನ್ನು ಬರೆಯುತ್ತಿರುವ ಬಾನುವಿಗೆ ಅಭಿನಂದನ ಸಮಿತಿಯವರು ನಾಲ್ಕು ಮಾತು ಬರೆದುಕೊಡಲು ಹೇಳಿದಾಗ, "ಕಂಪ್ಯೂಟರ್ ವಿಷಯ ಎತ್ತಬ್ಯಾಡವಾ, ಹಿರಿಯರಿಗೆ ಬ್ಯಾಸರಾದೀತು. ಗೇಟಿನ ಸೇವಾದ ಬಗ್ಗೆ ಬರಿ" ಎಂದು ಮೆಲ್ಲಗೆ ಸೂಚಿಸಿದರು. ಊರಲ್ಲಿರುವ ಮಾತು ಇಷ್ಟೇ: ಅಯ್ಯನವರಿಗೆ ಕಂಪ್ಯೂಟರ್ ತಲೆಗೆ ಹತ್ತಲಿಲ್ಲ, ಅದಕ್ಕೇ ಅವರನ್ನು ಮರಳಿ ಗೇಟಿಗೆ ಅಟ್ಟಿದರು. ಸಮಿತಿಯವರ ಒಳ್ಳೆಯ ಮನಸ್ಸಿಗೆ ನಮಸ್ಕಾರ. ಆದರೆ ಈ ಲೇಖನ ಆ ವಿಷಯವನ್ನೇ ಎತ್ತುತ್ತದೆ.

ಕಲಘಟಗಿ ಕಡೆಯ ಹಳ್ಳಿಯೊಂದರಿಂದ ಮ್ಯಾಟ್ರಿಕ್ ಮುಗಿಸಿ ಬಂದ ಬಸಲಿಂಗಯ್ಯನವರು, ಕಾರ್ಖಾನೆಗೆ ಇನ್ನೂ ಕಾಂಪೌಂಡ್ ಗೋಡೆಯೇ ಇಲ್ಲದ ಕಾಲದಲ್ಲಿ ಟೈಮ್‌ಕೀಪರ್ ಆಗಿ ಸೇರಿದರು. ಗೋಡೆ ಎದ್ದ ಮೇಲೆ ಗೇಟಿನ ಪಕ್ಕದ ಪುಟ್ಟ ಕಿಟಕಿಯೇ ಅವರ ಆಫೀಸಾಯಿತು. ಕೆಲಸಗಾರರು ತಮ್ಮ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅಲ್ಲಿ ಕೊಟ್ಟು ಒಳಗೆ ಹೋಗಬೇಕು, ಅವರು ಹಾಜರಿ ಬರೆದುಕೊಳ್ಳಬೇಕು. ತಡವಾಗಿ ಬಂದವನಿಗೆ ಕಿವಿ ಕೆಂಪಾಗುವಂತೆ ಬೈಗುಳ ಖಚಿತ, ಬೈದು ಮುಗಿಸಿದ ಮೇಲೆ, "ಮನ್ಯಾಗ ಎಲ್ಲಾ ಅರಾಮ ಐತೇನು?" ಎಂಬ ಪ್ರಶ್ನೆಯೂ ಖಚಿತ. ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಕೆಲಸಗಾರ ಮಲಕಪ್ಪನ ತಾಯಿ ತೀರಿಕೊಂಡ ಸುದ್ದಿ ಬಂದ ದಿನ ಬಸ್ಸುಗಳೆಲ್ಲ ಹೋಗಿಬಿಟ್ಟಿದ್ದವು. ಬಿದಿರು ಇಳಿಸಿ ಖಾಲಿ ನಿಂತಿದ್ದ ಲಾರಿಯ ಮುಂದೆ ಅಯ್ಯನವರು ಕೈ ಅಡ್ಡ ಹಿಡಿದು ನಿಂತುಬಿಟ್ಟರು. ಡ್ರೈವರ್ ಎಷ್ಟು ಗೊಣಗಿದರೂ ಬಿಡಲಿಲ್ಲ. ತಾಯಿಗೆ ಮಣ್ಣು ಕೊಡುವ ಹೊತ್ತಿಗೆ ಮಲಕಪ್ಪ ಊರು ಮುಟ್ಟಿದ. ಆಮೇಲೆ ಆ ಲಾರಿಯ ಡೀಸೆಲ್ ಲೆಕ್ಕ ಕೇಳಲು ಬಂದ ಗುಮಾಸ್ತನಿಗೆ ಏನು ಉತ್ತರ ಸಿಕ್ಕಿತು ಎಂಬುದು ಇಂಥ ಅಭಿನಂದನ ಗ್ರಂಥದಲ್ಲಿ ಅಚ್ಚು ಹಾಕುವಂಥದ್ದಲ್ಲ.

ಆ ಕಾಲದಲ್ಲಿ ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಗಾರರು ಅದನ್ನು 'ಪಾಳಿ ಕೈಗಡ' ಎನ್ನುತ್ತಿದ್ದರು. ಬಾಯ್ಲರಿನ ಬೆಂಕಿಗೆ ಹಬ್ಬವಿಲ್ಲ, ಅದನ್ನು ಆರಿಸುವಂತಿಲ್ಲ. ಮನುಷ್ಯರಿಗೆ ಮಾತ್ರ ಹಬ್ಬವಿದೆ. ಹೀಗಾಗಿ ಚೌತಿಗೆ ಸೋಮಪ್ಪ ಧಾರವಾಡ ಕಡೆಯ ತನ್ನ ಊರಿಗೆ ಹೋದರೆ ಅವನ ಪಾಳಿಯನ್ನು ಜೋಯಿಡಾ ಕಡೆಯ ಸಿದ್ದಿಯವರ ಮಾನ್ವೆಲ್ ಮಾಡುವುದು, ನತಾಲಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಮಾನ್ವೆಲ್ ಇಗರ್ಜಿಗೆ ಹೋದರೆ ಅವನ ಪಾಳಿಯನ್ನು ಸೋಮಪ್ಪ ತೀರಿಸುವುದು. ಮೇಲಿನವರ ಅನುಮತಿಯಿಲ್ಲದೆ ಪಾಳಿ ಬದಲಿಸಬಾರದೆಂದು ನಿಯಮವೇನೋ ಇತ್ತು. ಆದರೆ ಆ ಅನುಮತಿ ಕೈಗೆ ಬರುವಷ್ಟರಲ್ಲಿ ಗಣಪತಿ ನೀರಿಗೆ ಹೋಗಿರುತ್ತಿದ್ದ! ಆದ್ದರಿಂದ ಎಲ್ಲರೂ ಕಿಟಕಿಯ ಹತ್ತಿರ ಬಂದು, "ಅಯ್ಯಾರ, ನಾಳೆ ಸೋಮಪ್ಪನ ಪಾಳಿ ನಂದ್ರಿ" ಎನ್ನುವರು, ಅಯ್ಯನವರು "ಹೂಂ" ಎನ್ನುವರು. ಬಂದವನು ಮಾನ್ವೆಲ್ ಆದರೂ ಪುಸ್ತಕದಲ್ಲಿ ಬೀಳುತ್ತಿದ್ದುದು ಪಾಳಿಯ ಒಡೆಯ ಸೋಮಪ್ಪನ ಹಾಜರಿ. ಬೆಂಕಿ ಆರಲಿಲ್ಲ, ಹಬ್ಬ ತಪ್ಪಲಿಲ್ಲ, ವರ್ಷಾನುಗಟ್ಟಲೆ ಯಾರಿಗೂ ಏನೂ ತೊಂದರೆಯಾಗಲಿಲ್ಲ.

೧೯೮೩ರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದನ್ನು ಕಲಿಯಲು ಪುಣೆಗೆ ಯಾರನ್ನು ಕಳಿಸುವುದೆಂಬ ಚರ್ಚೆಯಲ್ಲಿ ಪರ್ಸನಲ್ ಮ್ಯಾನೇಜರ್ ಬೋರಕರ್ ಸಾಹೇಬರು, ಐವತ್ತು ದಾಟಿದ ಬಸಲಿಂಗಯ್ಯನವರ ಹೆಸರು ಹೇಳಿದಾಗ ಆಫೀಸಿನಲ್ಲಿ ಹಲವರು ಮುಸಿಮುಸಿ ನಕ್ಕರು. ಅಯ್ಯನವರು ಅಳ್ನಾವರದಲ್ಲಿ ರೈಲು ಹತ್ತಿ, ಮೀರಜಿನಲ್ಲಿ ಗಾಡಿ ಬದಲಿಸಿ, ಜೋಳದ ರೊಟ್ಟಿಯ ಗಂಟಿನೊಂದಿಗೆ ಪುಣೆ ಸೇರಿದರು. ಮಕ್ಕಳ ವಯಸ್ಸಿನವರ ನಡುವೆ ಬೆಂಚಿನ ಮೇಲೆ ಕೂತು, ಅರ್ಥವಾಗದ್ದನ್ನು ನಾಚಿಕೆಯಿಲ್ಲದೆ ಕೇಳಿ ಕೇಳಿ ಕಲಿತರು. ವ್ಯವಹಾರದಲ್ಲಿ ಯಾವ ಮಾಹಿತಿ ಎಲ್ಲಿ ಹುಟ್ಟುತ್ತದೆ, ಯಾರ ಕೈ ದಾಟಿ ಹೋಗುತ್ತದೆ, ಕೊನೆಗೆ ಯಾರ ತೀರ್ಮಾನವಾಗಿ ಕೂರುತ್ತದೆ ಎಂಬುದನ್ನು ಅಲ್ಲಿ ಕಲಿಸಿದರಂತೆ. ತಿರುಗಿ ಬಂದ ಅಯ್ಯನವರು ಅದನ್ನೆಲ್ಲ ಹಿಂಡಿ ಒಂದೇ ಪ್ರಶ್ನೆ ಮಾಡಿಕೊಂಡಿದ್ದರು: "ಇದನ್ನ ಓದಿದಾಂವ ಏನು ಮಾಡ್ತಾನ?"

ಹಳಿಯಾಳದ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಟೈಪಿಸ್ಟ್ ಕೆಲಸ ಕೇಳಿಕೊಂಡು ಬಂದ ಬಾನುವನ್ನು ಅವರು ತಮ್ಮ ಹೊಣೆಗೆ ಬಂದ ಹೊಸ ಕಂಪ್ಯೂಟರ್ ವಿಭಾಗಕ್ಕೆ ತೆಗೆದುಕೊಂಡದ್ದು ಆಗಲೇ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಆ ತಣ್ಣನೆಯ ಕೋಣೆಯಲ್ಲಿ, ಅಯ್ಯನವರು ಮಫ್ಲರ್ ಸುತ್ತಿಕೊಂಡು ಪಾಠ ಹೇಳುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಪ್ರತಿಯೊಂದು ವಿಭಾಗಕ್ಕೂ ಪ್ರತಿಯೊಂದು ವರದಿಯೂ ಬೇಕಾಗಿದ್ದ ಕಾಲ ಅದು. ಮುದ್ರಿಸಿ ಕೊಟ್ಟ ಹಾಳೆಗಳು ಎಲ್ಲಿಗೆ ಹೋಗುತ್ತವೆಂದು ನೋಡಿದರೆ, ಕ್ಯಾಂಟೀನಿನಲ್ಲಿ ಮಿರ್ಚಿ ಭಜಿಯ ಎಣ್ಣೆ ಹೀರುತ್ತಿದ್ದವು! ಉಗ್ರಾಣದ ಒಂದು ಉದ್ದನೆಯ ವರದಿಯನ್ನು ಅಯ್ಯನವರು ಹೇಳದೆ ಕೇಳದೆ ನಿಲ್ಲಿಸಿಬಿಟ್ಟರು. ತಿಂಗಳಾದರೂ ಯಾರೂ ಕೇಳಲಿಲ್ಲ. "ನೋಡವಾ, ಓದಾವರಿಲ್ಲದ ಮಾಹಿತಿ ಬರೇ ರದ್ದಿ" ಎಂದು ನಕ್ಕರು. ಬದಲಿಗೆ, ಯಾವ ಡಿಪೋದ ಬಿದಿರು ಎಷ್ಟು ದಿನಕ್ಕೆ ಬರುತ್ತದೆ ಎಂಬ ಅರ್ಧ ಹಾಳೆಯ ವರದಿ ಮಾಡಿಕೊಟ್ಟರು. ಕ್ಯಾಸಲ್‌ರಾಕ್ ಕಡೆಯ ಬಿದಿರು ಮಳೆಗಾಲದಲ್ಲಿ ಯಾವಾಗಲೂ ತಡವೆಂದು ಅದರಿಂದ ತಿಳಿದು, ಬೇಸಿಗೆಯಲ್ಲೇ ತರಿಸಿ ಒಟ್ಟಿಕೊಳ್ಳುವ ಏರ್ಪಾಟಾಯಿತು. ಕಂಪ್ಯೂಟರ್ ತಲೆಗೆ ಹತ್ತದವರು ಮಾಡುವ ಕೆಲಸವೇ ಇದು?

ಇನ್ನು ಮುಖ್ಯ ಸಂಗತಿಗೆ ಬರೋಣ. ಮರುವರ್ಷ ಚೌತಿಯ ಮುಂಚೆಯೇ ಹಾಜರಿಯೂ ಯಂತ್ರಕ್ಕೆ ಹೋಯಿತು; ಗೇಟಿನಲ್ಲಿ ಕೊಟ್ಟ ಬಿಲ್ಲೆಯ ನಂಬರೇ ನೇರವಾಗಿ ಅದಕ್ಕೆ ಏರತೊಡಗಿತು. ಮುಂಬಯಿಯಿಂದ ಬಂದ ಪ್ರೋಗ್ರಾಂ ಬರೆಯುವ ಹುಡುಗ, "ಒಬ್ಬರ ಪಾಳಿಗೆ ಇನ್ನೊಬ್ಬರು ಬರುವುದುಂಟೇ?" ಎಂದು ಕೇಳಿದಾಗ, ಬಸಲಿಂಗಯ್ಯನವರು ಸುಳ್ಳು ಹೇಳಬೇಕೆಂದಲ್ಲ, ವರ್ಷಗಳ ರೂಢಿಯಿಂದ, "ಇಲ್ರಿ" ಎಂದುಬಿಟ್ಟರು. ಅವರ ಪುಸ್ತಕದ ಪ್ರಕಾರ ಅದು ಇರಲಿಲ್ಲವಲ್ಲ! ಆ ಉತ್ತರದಂತೆ ಪ್ರೋಗ್ರಾಂ ತಯಾರಾಯಿತು: ತನ್ನದಲ್ಲದ ಪಾಳಿಗೆ ಬಂದವನ ಹಾಜರಿಯನ್ನು ತಪ್ಪೆಂದು ಬದಿಗಿಡುವುದು, ತನ್ನ ಪಾಳಿಗೆ ಬಾರದವನನ್ನು ಗೈರುಹಾಜರಿ ಎನ್ನುವುದು. ಹೊಸ ವರ್ಷದಲ್ಲಿ, ಹಂಗಾಮಿ ಕೆಲಸಗಾರರಲ್ಲಿ ಹಾಜರಿ ಸರಿಯಿದ್ದವರನ್ನು ಕಾಯಂ ಮಾಡಿ ಉಳಿದವರನ್ನು ತೆಗೆದುಹಾಕಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ತೆಗೆಯಬೇಕಾದವರಲ್ಲಿ ಮಾನ್ವೆಲ್‌ನ ಹೆಸರಿತ್ತು. ಚೌತಿಯಲ್ಲಿ ಅವನು ಸೋಮಪ್ಪನಿಗಾಗಿ ಸುರಿಸಿದ ಬೆವರು ಲೆಕ್ಕಕ್ಕೇ ಬಂದಿರಲಿಲ್ಲ. ನತಾಲದ ಗೈರುಹಾಜರಿ ಮಾತ್ರ ಎದ್ದು ಕಾಣುತ್ತಿತ್ತು. ಸೋಮಪ್ಪ ಕಾಯಂ ನೌಕರ, ಅವನಿಗೆ ಹೋದದ್ದು ರಜೆ. ಮಾನ್ವೆಲ್‌ನಿಗೆ ಹೋಗುತ್ತಿದ್ದುದು ಅನ್ನ.

ಒಂದು ಮಧ್ಯಾಹ್ನ ಅವನ ಹೆಂಡತಿ ಮಾಗ್ದಲೀನಾ ನಮ್ಮ ಕೋಣೆಯ ಬಾಗಿಲಿಗೇ ಬಂದು ನಿಂತಳು.

"ಅಯ್ಯಾರ, ನನ್ನ ಗಂಡ ಆ ಬೆಂಕಿ ಮುಂದ ಮೈ ಸುಟ್ಕೊಂಡಾನ್ರಿ. ನಿಮ್ಮ ಮಿಷನ್ ಅವಾ ಬಂದೇ ಇಲ್ಲ ಅಂತೈತಂತ. ನಮ್ಮಂಥಾವರನ್ನ ಹೊರಗ ಹಾಕಾಕ ಒಂದು ನೆವಾ ಬೇಕಾಗಿತ್ತು, ಸಿಕ್ತು. ಮತ್ತ ಕಾಡಿಗೇ ಹೋಗೂಣು ಅಂತ ಕುಂತಾನ. ಮಕ್ಕಳ ಸಾಲಿ ಹೆಂಗ್ರಿ?"

"ತಪ್ಪು ನಿನ್ನ ಗಂಡಂದಲ್ಲ ತಂಗಿ" ಎಂದರು ಅಯ್ಯನವರು. "ಈ ಕೋಣ್ಯಾಗ ಆಗೇತಿ. ನನ್ನಿಂದ ಆಗೇತಿ. ನೀ ಮನಿಗೆ ನಡಿ, ನಾ ನೋಡ್ತೇನಿ."

ಆಕೆ ಹೋದ ಮೇಲೆ ಅವರ ಮುಂದೆ ಎರಡೇ ದಾರಿ ಉಳಿದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ, ವರ್ಷಾನುಗಟ್ಟಲೆ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದದ್ದು ಬಯಲಾಗುತ್ತದೆ, ಕೆಲಸವೇ ಹೋಗಬಹುದು. ಹೇಳದಿದ್ದರೆ ಮಾನ್ವೆಲ್ ಬೀದಿಗೆ ಬೀಳುತ್ತಾನೆ. ಬಾನು ತನಗೆ ತೋಚಿದ ದಾರಿ ಹೇಳಿದಳು: "ಸರ್, ನಾಕು ಗುಂಡಿ ಒತ್ತಿ ಹಾಜರಿ ಅಂತ ಮಾಡಿಬಿಡೂಣ್ರಿ. ಯಾರಿಗೆ ತಿಳೀತೈತಿ?"

"ಕೈಲೆ ಬರದು ಮುಚ್ಚಿದ್ದಕ್ಕ ಇಲ್ಲೀ ತನಕ ಬಂತವಾ. ಮತ್ತ ಗುಂಡಿ ಒತ್ತಿ ಮುಚ್ಚಿದ್ರ ಮುಂದಿನ ನತಾಲಕ್ಕ ಇನ್ನೊಬ್ಬ ಮಾನ್ವೆಲ್ ಹೋಗ್ತಾನ. ಯಂತ್ರಕ್ಕ ನಾವು ಯಾರು ಬರಲಿಲ್ಲ ಅಂತ ಅಷ್ಟ ಕೇಳೇವಿ. ಬೆಂಕಿ ಮುಂದ ಯಾರು ಇದ್ರು ಅಂತ ಕೇಳೇ ಇಲ್ಲ. ಅದನ್ನ ಕೇಳೂಣು, ಕೂಡು."

ಬದಿಗಿಟ್ಟಿದ್ದ ಹಾಜರಿಗಳನ್ನೆಲ್ಲ ಮರಳಿ ಸೇರಿಸಿ, ಆಳಿನ ಪ್ರಕಾರವಲ್ಲ, ಕೆಲಸದ ಜಾಗದ ಪ್ರಕಾರ ಹೊಸ ವರದಿ ತೆಗೆದರು. ಬಾಯ್ಲರಿನ ಮುಂದೆ ಒಂದು ಪಾಳಿಯೂ ಖಾಲಿ ಇರಲಿಲ್ಲ. ಆ ಹಾಳೆಗಳನ್ನು ಹೊತ್ತು ಬಾನುವೂ ಅವರ ಹಿಂದೆ ಬೋರಕರ್ ಸಾಹೇಬರ ಕೋಣೆಗೆ ಹೋದಳು. ಬೆಳಗಾವಿ ಕಡೆಯ ಸಾಹೇಬರು ಪೂರ್ತಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಹೋ ಸಾಲಿಮಠ, ಅಂದ್ರ ಇಷ್ಟು ವರ್ಷದ ನಮ್ಮ ಹಾಜರಿ ಪುಸ್ತಕ ಎಲ್ಲಾ ಸುಳ್ಳು?"

"ಕೆಲಸ ಖರೆ ಐತ್ರಿ ಸಾಹೇಬ್ರ. ಹೆಸರು ಸುಳ್ಳು."

"ಯಾರ್ಯಾರು ಪಾಳಿ ಬದಲಿಸ್ಯಾರ? ಎಲ್ಲಾರ ಹೆಸರೂ ಬರಕೊಡ್ರಿ. ನೋಟೀಸು ಕೊಡಬೇಕಾಗ್ತದ."

"ಅವರು ನನ್ನ ಕೇಳ್ಯಾರ, ನಾ ಹೂಂ ಅಂದೇನಿ. ಅವರ ಪಾಲಿಗೆ ಅದ ಪರವಾನಿಗಿ. ಪುಸ್ತಕದಾಗ ಬರದಾಂವ ನಾನು ರೀ. ಒಂದ ಹೆಸರು ಸಾಕ್ರಿ."

ಸಾಹೇಬರು ನಿಯಮದ ಮನುಷ್ಯರು, ಆದರೆ ಕಲ್ಲಲ್ಲ. ಮಾನ್ವೆಲ್ ಕಾಯಂ ಆದ. ಮೊದಲೇ ಬರೆದುಕೊಟ್ಟು ಪಾಳಿ ಬದಲಿಸಿಕೊಳ್ಳುವುದಕ್ಕೆ ಅವಕಾಶವಾಗಿ, ಪ್ರೋಗ್ರಾಂ ತಿದ್ದಲಾಯಿತು; ಇಂದಿಗೂ ಅದು ನಡೆಯುತ್ತಿದೆ. ಸುಳ್ಳು ಹಾಜರಿ ಬರೆದ ತಪ್ಪಿಗೆ ಬಸಲಿಂಗಯ್ಯನವರು ಕಂಪ್ಯೂಟರ್ ವಿಭಾಗ ಬಿಟ್ಟು ಮರಳಿ ಗೇಟಿಗೆ ಹೋಗಬೇಕಾಯಿತು, ಮುಂದಿನ ಬಡ್ತಿ ನಿಂತಿತು. ಇಷ್ಟು ವರ್ಷ ತಮ್ಮ ಕಣ್ಣಿಗೆ ಏನೂ ಬೀಳಲಿಲ್ಲವೆಂದು ಒಪ್ಪಿಕೊಳ್ಳುವ ಮನಸ್ಸು ಮೇಲಿನವರಿಗೂ ಇರಲಿಲ್ಲವಾದ್ದರಿಂದ, ಆದೇಶದಲ್ಲಿ ಕಾರಣ ಬರೆಯಲಿಲ್ಲ. ಕಾರಣ ಇಲ್ಲದ ಜಾಗದಲ್ಲಿ ಊರು ತನ್ನ ಕಾರಣ ತುಂಬಿತು: ಮುದುಕನಿಗೆ ಕಂಪ್ಯೂಟರ್ ಬರಲಿಲ್ಲ.

ಬಾನು ಅತ್ತು ರಂಪ ಮಾಡಿ, ಎಲ್ಲರಿಗೂ ಹೇಳಿಬಿಡುತ್ತೇನೆಂದು ಹೊರಟಾಗ ಅಯ್ಯನವರು ತಡೆದರು. "ಮಾನ್ವೆಲ್ ದಿನಾ ನನ್ನ ಕಿಟಕಿ ಮುಂದ ತಲಿ ಎತ್ತಿ ಹೋಗಬೇಕವಾ. ತನ್ನಿಂದ ನನಗ ಹಿಂಗಾತು ಅಂತ ತಗ್ಗಿಸಿ ಹೋಗೂದು ನನಗ ಬ್ಯಾಡ. ನಾ ಈ ಗೇಟ್ ದಾಟಿ ಮನಿಗೆ ಹೋಗೂ ತನಕ ಬಾಯಿ ಬಿಡಬ್ಯಾಡ." ಅಂದಿನಿಂದ ಕಿಟಕಿಯಲ್ಲಿ ಕೂತು ಬಿಲ್ಲೆ ತೆಗೆದುಕೊಂಡರು. ಸಂಜೆ ಯೂನಿಯನ್ ಹಾಲಿನಲ್ಲಿ ಕೆಲಸಗಾರರ ಮಕ್ಕಳಿಗೆ, ಕಂಪ್ಯೂಟರ್ ಇಲ್ಲದೆಯೇ, ಕರಿಹಲಗೆಯ ಮೇಲೆ ವ್ಯವಹಾರದ ಮಾಹಿತಿ ಪದ್ಧತಿಯನ್ನು ಕಲಿಸಿದರು. ಹಲಗೆಯ ಮುಂದೆ ನಿಂತ ಅವರನ್ನು ಕಂಡು ಹಿಂದಿನ ಬಾಗಿಲಲ್ಲಿ ನಕ್ಕವರಿದ್ದಾರೆ. ಅವರಿಗೂ ಅಯ್ಯನವರು "ಒಳಗ ಬರ್ರಿ" ಎಂದೇ ಕರೆದರು.

ಈಗ ಅವರು ಗೇಟ್ ದಾಟಿದ್ದಾರೆ, ಬಾನು ಬಾಯಿ ಬಿಟ್ಟಿದ್ದಾಳೆ. ಬೈಯುವುದಾದರೆ ಬೈಯಲಿ, ಅವರ ಬೈಗುಳ ಕೇಳುವ ಭಾಗ್ಯ ಇನ್ನೂ ಬಹುಕಾಲ ನಮಗಿರಲಿ. ಗುರುಗಳ ಆರೋಗ್ಯ ಗಟ್ಟಿಯಾಗಿರಲಿ, ಯೂನಿಯನ್ ಹಾಲಿನ ಕರಿಹಲಗೆ ಅವರ ಕೈ ಬಿಡದಿರಲಿ. ಅವರ ಹಿರಿತನದ ನೆರಳಲ್ಲಿ ಇನ್ನೂ ಹಲವು ಮಕ್ಕಳು ಪ್ರಶ್ನೆ ಕೇಳುವುದನ್ನು ಕಲಿಯಲಿ.

ಮಾನ್ವೆಲ್ ಅವರೇ, ನೀವು ಓದುವವರಲ್ಲವೆಂದು ಗೊತ್ತು, ನಿಮಗೂ ಮಾಗ್ದಲೀನಾ ಬಾಯಿಯವರಿಗೂ ಮಕ್ಕಳು ಇದನ್ನು ಓದಿ ಹೇಳಲಿ. ಕಾಯಂ ಆದ ದಿನ ನೀವು ಪೇಢೆ ಹಂಚುತ್ತ ಗೇಟಿನ ಕಿಟಕಿಗೂ ಬಂದಿದ್ದಿರಿ. "ಅಯ್ಯಾರ, ನಿಮಗ ಆ ಮಿಷನ್ ಬರಲಿಲ್ಲಂತಲ್ರಿ! ಇರಲಿ ತಗೋರಿ, ಬಾಯಿ ಸಿಹಿ ಮಾಡ್ಕೋರಿ" ಎಂದು ನಕ್ಕಿದ್ದಿರಿ. ಅಯ್ಯನವರೂ ನಕ್ಕರು. ಒಂದನ್ನು ಅಲ್ಲೇ ತಿಂದು, ಮನೆಗೆಂದು ಇನ್ನೊಂದು ಕೇಳಿ ಪಡೆದರು.