ಶಿವನಂಜಮ್ಮನ ಹೊಟ್ಟೆಗೆ ಒಪ್ಪುವ ಸಮುದ್ರ

ಮಳವಳ್ಳಿ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದ ಸಿದ್ದರಾಮು ಕೈಗಡಿಯಾರ ನೋಡಿಕೊಂಡರೆ, ಸೂರ್ಯ ತಾನು ಲೇಟಾದೆನೇನೋ ಎಂದು ಗಾಬರಿಬೀಳುತ್ತಿದ್ದ. ಅರ್ಧ ಕರ್ನಾಟಕವನ್ನು ಬಸ್ಸು ಹತ್ತಿಸಿ ಕಳಿಸಿದ ಈ ಮನುಷ್ಯ ಹೆಂಡತಿ ಶಿವನಂಜಮ್ಮನನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ರಿಟೈರಾದ ದಿನ ಕೊರಳ ಹಾರವನ್ನೂ ತೆಗೆಯದೆ, "ಕೇಳ್ ಕಣಮ್ಮಿ, ಎಲ್ಗಂದ್ರೆ ಅಲ್ಗೆ" ಅಂದುಬಿಟ್ಟ.

ಪಕ್ಕದ ಮುತ್ತತ್ತಿ ಅನ್ನುತ್ತಾಳೆಂದು ಅವನ ಲೆಕ್ಕ. ಅವಳು ಪೇಂಟಿನ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಕಡೆ ಬೆರಳು ಮಾಡಿದಳು: ಸುಣ್ಣ ಬಳಿದ ಮನೆಗಳು, ನೀಲಿ ಗುಮ್ಮಟ, ಕೆಳಗೆ ಸಮುದ್ರ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪ.

"ಇದೊಂದೇ ಅಲ್ಲ, ಅಕ್ಕಪಕ್ಕದವೂ ನೋಡ್ಬೇಕು. ಆದ್ರೆ ನೀರ ಮ್ಯಾಲೆ ಮೈಸೂರ್‌ಗಿಂತ ದೂರ ನಾ ಬರಾಕಿಲ್ಲ."

ಶಿವನಂಜಮ್ಮನ ಹೊಟ್ಟೆ ಮಳವಳ್ಳಿಯಿಂದ ಮೈಸೂರಿನವರೆಗೆ, ಅಂದರೆ ಒಂದೂಕಾಲು ಗಂಟೆ, ತಡೆಯುತ್ತಿತ್ತು. ಬೆಂಗಳೂರು ಬಸ್ಸು ಹತ್ತಿದರೆ ಚನ್ನಪಟ್ಟಣ ದಾಟುವಷ್ಟರಲ್ಲಿ ವಾಂತಿ. ಒಮ್ಮೆಯಂತೂ ಹಿಂದಿನ ಬಸ್ಸಿನ ಡ್ರೈವರು ಮಳೆ ಬಂತೆಂದು ವೈಪರ್ ಹಾಕಿದ್ದ. ತಂಗಿಯ ಜೊತೆ ವಿಮಾನದಲ್ಲಿ ಕಾಶಿಗೆ ಹೋಗಿಬಂದಾಗ ಮಾತ್ರ ಒಂದು ತೇಗೂ ಬಂದಿರಲಿಲ್ಲ.

ಮಂಡ್ಯದಲ್ಲಿ ಟ್ರಾವೆಲ್ಸ್ ಇಟ್ಟುಕೊಂಡಿದ್ದ ಪ್ರಸನ್ನ ಕಂಪ್ಯೂಟರು ತಿರುಗಿಸಿ ತೋರಿಸಿದ. ಅಥೆನ್ಸಿನಿಂದ ಸ್ಯಾಂಟೊರಿನಿಗೆ ದೊಡ್ಡ ಹಡಗು, ಎಂಟು ಗಂಟೆ.

"ಅಮ್ಮಾರನ್ನ ಊರಲ್ಲೇ ಬುಟ್ಟು ನೀವೊಬ್ರೇ ಓಗ್ಬನ್ನಿ ಸಾರ್. ಇಲ್ಲಾಂದ್ರೆ ಗಗನಚುಕ್ಕಿ ತೋರ್ಸಿ. ಅದೂ ನೀರೇ ಅಲ್ವಾ?"

ಸಿದ್ದರಾಮುಗೆ ಮೈಯೆಲ್ಲ ಉರಿದುಹೋಯಿತು. ಆ ಸಮುದ್ರದಲ್ಲಿ ಓಡಾಡುವ ಅಷ್ಟೂ ಹಡಗುಗಳ ವೇಳಾಪಟ್ಟಿ ಪ್ರಿಂಟು ಹಾಕಿಸಿ ತಂದು ನಡುಮನೆಯಲ್ಲಿ ಹರಡಿದ. ಬೀದಿಗೆ ಹಾಸಿದ್ದರೆ ಆಚೆ ಊರು ಪೂರಿಗಾಲಿ ಮುಟ್ಟಿ ಇನ್ನೂ ಮಿಗುತ್ತಿತ್ತು. ಮೂರು ವಾರ ಅದರ ಮೇಲೇ ಊಟ, ಅದರ ಮೇಲೇ ನಿದ್ದೆ. ಅಥೆನ್ಸಿನಿಂದ ಮೈಕೊನೋಸಿಗೆ ವಿಮಾನ. ಅಲ್ಲಿಂದ ಪಾರೋಸಿಗೆ ಹಡಗಲ್ಲಿ ಒಂದು ಗಂಟೆ. ಪಾರೋಸಿನಿಂದ ನಾಕ್ಸೋಸಿಗೆ ಮುಕ್ಕಾಲು. ಅಲ್ಲಿಂದ ಸ್ಯಾಂಟೊರಿನಿಗೆ ಮಾತ್ರ ಎರಡು ಗಂಟೆ.

ಶಿವನಂಜಮ್ಮ ಬಗ್ಗಿ ನೋಡಿದಳು. "ಮೈಸೂರ್ ದಾಟ್ತು. ಬುಡಿ ಅತ್ಲಾಗೆ" ಎಂದು ರೊಟ್ಟಿ ತಟ್ಟಲು ಹೋದಳು. ದನಿ ಸಣ್ಣಗಾಗಿತ್ತು. ಅದು ಸಿದ್ದರಾಮುವಿನ ಎದೆಗೆ ನಾಟಿತು.

ಬಸ್ಸು ಆಗದ ಹೆಂಗಸರು ನಿಲ್ದಾಣದಲ್ಲಿ ಗೋಳಾಡಿದಾಗ ಅವನು ಏನು ಹೇಳುತ್ತಿದ್ದ? "ಅರ್ಧ ದಾರೀಲಿ ಕಿರುಗಾವಲಲ್ಲಿ ಇಳ್ಕೊಳವ್ವ. ಒಸಿ ಗಾಳಿ ಕುಡ್ದು, ಇಂದ್ಗಡೆ ಬರೋ ಬಸ್ಸಿಗೆ ಓಗು." ಸಮುದ್ರದಲ್ಲೂ ಒಂದು ಕಿರುಗಾವಲು ಇಲ್ಲದೇ ಹೋದೀತೆ? ನಕ್ಷೆಯ ಮೇಲೆ ಬೆರಳು ಓಡಿಸಿದ. ನಡುವೆ ಇತ್ತು, ಇಯೋಸ್! ನಾಕ್ಸೋಸಿನಿಂದ ಅಲ್ಲಿಗೆ ಒಂದು ಗಂಟೆ, ಇಳಿದು ಒಂದು ರಾತ್ರಿ ತಂಗಿದರೆ ಅಲ್ಲಿಂದ ಸ್ಯಾಂಟೊರಿನಿಗೆ ಮುಕ್ಕಾಲು. ವಾಪಸು ವಿಮಾನ. ಎಲ್ಲವನ್ನೂ ಒಂದು ಹಾಳೆಗೆ ಇಳಿಸಿದ.

ಮಾರನೆಯ ದಿನ ಆ ಹಾಳೆ ನೋಡಿದ ಪ್ರಸನ್ನ ಕುರ್ಚಿ ಬಿಟ್ಟು ಎದ್ದು ನಿಂತ. ಒಂದೊಂದು ಹಡಗನ್ನೂ ಕಂಪ್ಯೂಟರಿನಲ್ಲಿ ತಾಳೆ ಹಾಕಿದ. ಎಲ್ಲ ಸರಿಯಿತ್ತು.

"ಒಂದ್ ಜೆರಾಕ್ಸ್ ಇಟ್ಕೊಳ್ಲಾ ಸಾರ್? ಟಿಕೆಟ್ ಮಾಡ್ಬುಡ್ಲಾ?"

"ಜೆರಾಕ್ಸ್ ಮಾಡ್ಕೊ. ಟಿಕೆಟ್‌ಗೆ ನಮ್ಮ ಎಡ್ಡಾಫೀಸು ಒಪ್ಬೇಕು ಕಣಪ್ಪ."

ಹೆಡ್ಡಾಫೀಸು ಕನ್ನಡಕ ಹಾಕಿಕೊಂಡು ಹಾಳೆ ಇಸಕೊಂಡಿತು.

"ಅಡಗು ಲೇಟಾದ್ರೆ?"

"ಅದ್ರ ಇಂದ್ಗಡೆ ಇನ್ನೊಂದ್ ಅದೆ. ಕಡೇ ಗಾಡಿ ನಂಬ್ಕೊಂಡು ಯಾರ್ನೂ ಕಳಿಸ್ದೋನಲ್ಲ ನಾನು."

"ಇಯೋಸಲ್ಲಿ ಏನೈತೆ?"

"ಗಾಳಿ."

ಶಿವನಂಜಮ್ಮ ಒಂದೊಂದೇ ಸಾಲಿಗೆ ಬೆರಳಿಟ್ಟು ಗಂಟೆ ಎಣಿಸಿದಳು. ಎರಡನೇ ಸಲವೂ ಎಣಿಸಿದಳು. ಯಾವುದೂ ಮೈಸೂರು ದಾಟಲಿಲ್ಲ. ಮೂರು ದಶಕ ಅವನಿಗೆ ಬುತ್ತಿ ಕಟ್ಟಿದವಳ ಮುಖ ಊರಗಲ ಅರಳಿತು.

"ಬತ್ತೀನಿ ಕಣ್ರೀ. ಕಿಟ್ಕಿ ಸೀಟು ನಂದು."

ಸಿದ್ದರಾಮು ನಡುಮನೆಯಲ್ಲೇ ಎದ್ದು ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ: "ಮೈಕೊನೋಸ್, ಪಾರೋಸ್, ನಾಕ್ಸೋಸ್, ಇಯೋಸ್, ಸ್ಯಾಂಟೊರಿನೀ! ಯಾರ್ರೀ ಸ್ಯಾಂಟೊರಿನೀ!"

ಎದುರು ಮನೆಯವರು ಬ್ಯಾಗು ಸಮೇತ ಓಡಿಬಂದರು.

"ಮೆತ್ಗೆ ಕೂಗಿ ಅತ್ಲಾಗೆ," ಶಿವನಂಜಮ್ಮ ನಗು ತಡೆಯಲಾರದೆ ಅಂದಳು, "ಊರೆಲ್ಲ ಅಡಗು ಅತ್ಕೊಂಡ್ರೆ ಸೀಟು ಸಾಲಾಕಿಲ್ಲ."